ರಾಯಚೂರಿನ ಬಿಸಿಲು, ಬನಾರಸಿನ ನೊಣ: ಜೀವಕೋಶ ಬಿಸಿ ತಡೆಯುವ ಬಗೆ

ಪ್ರಯೋಗಾಲಯಗಳಲ್ಲಿ ಹಣ್ಣಿನ ನೊಣಗಳನ್ನು ಸುಮಾರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾಕುತ್ತಾರೆ. ಕೊಳೆತ ಬಾಳೆಹಣ್ಣಿನ ಮೇಲೆ ಗುಂಯ್ ಅನ್ನುತ್ತದಲ್ಲ, ಅದೇ ಸಣ್ಣ ನೊಣ. ಅದನ್ನು 37 ಡಿಗ್ರಿಗೆ ಇಟ್ಟರೆ ವಿಜ್ಞಾನಿಗಳ ಲೆಕ್ಕದಲ್ಲಿ ಅದಕ್ಕೆ 'ಹೀಟ್ ಶಾಕ್' ಕೊಟ್ಟ ಹಾಗೆ. ರಾಯಚೂರಿನವರಿಗೆ ಇದನ್ನು ಹೇಳಿದರೆ ನಗು ಬರುತ್ತದೆ. ನಮ್ಮಲ್ಲಿ ಮಾರ್ಚ್ ಮಧ್ಯಾಹ್ನವೇ ಅಷ್ಟಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ದಾಟಿದರೂ ಅದು ಸುದ್ದಿಯಲ್ಲ. ತೀನ್ ಕಂದೀಲ್ ಹತ್ತಿರ ನಿಂತು ಯಾರನ್ನಾದರೂ ಕೇಳಿ ನೋಡಿ, "ನಮಗ ಬಿಸಿಲು ರೂಢಿ ಆಗ್ಯಾದ ಬಿಡ್ರಿ" ಅನ್ನುತ್ತಾರೆ.

ಈ ಮಾತು ಜೀವಕೋಶದ ಮಟ್ಟದಲ್ಲಿ ಎಷ್ಟು ನಿಜ? ಅರ್ಧ ನಿಜ. ಇದು ಗೊತ್ತಾಗಿದ್ದು ಆ ಸಣ್ಣ ನೊಣದಿಂದಲೇ. ಈ ಕಥೆಯಲ್ಲಿ ಬನಾರಸಿನ ಒಬ್ಬ ವಿಜ್ಞಾನಿಯ ಪಾಲು ದೊಡ್ಡದು, ಆದರೆ ನಮ್ಮ ಕಡೆ ಅವರ ಹೆಸರು ಕೇಳಿದವರು ಕಡಿಮೆ.

ಮೊದಲು ಬಿಸಿ ಏನು ಮಾಡುತ್ತದೆ ಅಂತ ನೋಡೋಣ. ಜೀವಕೋಶದೊಳಗೆ ಬಹುಪಾಲು ದುಡಿಮೆ ಪ್ರೋಟೀನ್‌ಗಳದ್ದು. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಉದ್ದನೆಯ ಸರ. ಆ ಸರ ಸರಿಯಾಗಿ ಮಡಚಿಕೊಂಡು ತನ್ನ ಆಕಾರಕ್ಕೆ ಬಂದರೆ ಮಾತ್ರ ಕೆಲಸ ಮಾಡುತ್ತದೆ. ಆ ಆಕಾರವನ್ನು ಹಿಡಿದಿಡುವ ಬಂಧಗಳು ಅಷ್ಟೇನೂ ಗಟ್ಟಿ ಅಲ್ಲ. ಬಿಸಿ ಏರಿದರೆ ಸಡಿಲವಾಗುತ್ತವೆ. ಆಗ ಪ್ರೋಟೀನಿನ ಒಳಗೆ ಅಡಗಿದ್ದ, ನೀರಿಗೆ ಒಗ್ಗದ ಭಾಗಗಳು ಹೊರಗೆ ಬರುತ್ತವೆ. ಪಕ್ಕದ ಪ್ರೋಟೀನಿನಲ್ಲೂ ಅಂಥವೇ ಭಾಗಗಳು ಹೊರಬಿದ್ದಿರುತ್ತವೆ. ಎರಡೂ ಅಂಟಿಕೊಳ್ಳುತ್ತವೆ, ಮೂರನೆಯದು ಬಂದು ಸೇರುತ್ತದೆ, ಕೊನೆಗೆ ಮುದ್ದೆಯಾಗುತ್ತದೆ. ಮೊಟ್ಟೆ ಬೇಯಿಸಿದಾಗ ಬಿಳಿ ಭಾಗ ಗಟ್ಟಿಯಾಗುವುದೂ ಹೀಗೆಯೇ. ಜೀವಕೋಶದಲ್ಲಿ ಇದಕ್ಕೆ ಅಷ್ಟೊಂದು ಬಿಸಿ ಬೇಕಿಲ್ಲ, ಮಾಮೂಲಿಗಿಂತ ಐದಾರು ಡಿಗ್ರಿ ಜಾಸ್ತಿಯಾದರೂ ಸೂಕ್ಷ್ಮ ಪ್ರೋಟೀನ್‌ಗಳು ಕೆಡಲು ಶುರುವಾಗುತ್ತವೆ.

ಇದಕ್ಕೆ ಜೀವಕೋಶ ಕೊಡುವ ಉತ್ತರ ಮೊದಲು ಕಣ್ಣಿಗೆ ಬಿದ್ದದ್ದು ಇಟಲಿಯ ನೇಪಲ್ಸ್‌ನಲ್ಲಿ, 1960ರ ದಶಕದ ಶುರುವಿನಲ್ಲಿ. ನೋಡಿದವರು ಫೆರುಚ್ಚಿಯೋ ರಿಟೋಸಾ. ಅವರು ನೋಡುತ್ತಿದ್ದದ್ದು ನೊಣದ ಮರಿಹುಳುವಿನ ಜೊಲ್ಲುಗ್ರಂಥಿಯ ವರ್ಣತಂತುಗಳನ್ನು. ಬಿ.ಎಸ್ಸಿ.ಯಲ್ಲಿ ಝೂವಾಲಜಿ ಓದಿದವರಿಗೆ ಈ ಪ್ರ್ಯಾಕ್ಟಿಕಲ್ ನೆನಪಿರುತ್ತದೆ. ಉಪ್ಪುನೀರಿನ ಹನಿಯಲ್ಲಿ ಮರಿಹುಳುವನ್ನು ಇಟ್ಟು, ಒಂದು ಸೂಜಿಯಿಂದ ಮೈ ಒತ್ತಿಹಿಡಿದು, ಇನ್ನೊಂದರಿಂದ ಬಾಯಿಯ ಕಪ್ಪು ಕೊಕ್ಕೆಯನ್ನು ಮೆಲ್ಲಗೆ ಎಳೆಯಬೇಕು. ಕೈ ನೆಟ್ಟಗಿದ್ದರೆ ಗಾಜಿನಂತೆ ಹೊಳೆಯುವ ಎರಡು ಸಣ್ಣ ಚೀಲಗಳು ಅದರ ಜೊತೆಗೇ ಬರುತ್ತವೆ. ಬಣ್ಣ ಹಾಕಿ, ಕವರ್ ಸ್ಲಿಪ್ ಮುಚ್ಚಿ, ಹೆಬ್ಬೆರಳಿನಿಂದ ಒತ್ತಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಪಟ್ಟೆಪಟ್ಟೆಯ ದಪ್ಪ ವರ್ಣತಂತುಗಳು ಕಾಣುತ್ತವೆ. ಅಲ್ಲಿ ಡಿಎನ್‌ಎ ಸಾವಿರದಷ್ಟು ಪ್ರತಿಗಳಾಗಿ ಪಕ್ಕಪಕ್ಕ ಅಂಟಿಕೊಂಡಿರುವುದರಿಂದಲೇ ಅಷ್ಟು ದಪ್ಪ. ಯಾವುದಾದರೂ ಜೀನ್ ಜೋರಾಗಿ ಕೆಲಸ ಮಾಡುತ್ತಿದ್ದರೆ ಆ ಜಾಗ ಊದಿಕೊಳ್ಳುತ್ತದೆ. ಅದನ್ನು ಪಫ್ ಅನ್ನುತ್ತಾರೆ. ಯಾವ ಜೀನ್ ಈಗ ಎಚ್ಚರವಾಗಿದೆ ಅಂತ ಕಣ್ಣಲ್ಲೇ ನೋಡಬಹುದು. ಜೀವಶಾಸ್ತ್ರದಲ್ಲಿ ಇಂಥ ಅನುಕೂಲ ಸಿಗುವುದು ಅಪರೂಪ.

ಪ್ರಯೋಗಾಲಯದಲ್ಲಿ ಯಾರೋ ಇನ್‌ಕ್ಯುಬೇಟರಿನ ತಾಪ ಏರಿಸಿಬಿಟ್ಟಿದ್ದರು. ಆ ದಿನದ ಸ್ಲೈಡಿನಲ್ಲಿ ರಿಟೋಸಾ ಅವರಿಗೆ ಹೊಸ ಪಫ್‌ಗಳು ಕಂಡವು, ಇದ್ದ ಕೆಲವು ಮಾಯವಾಗಿದ್ದವು. ಸ್ಲೈಡ್ ಕೆಟ್ಟಿದೆ ಅಂತ ಬಿಸಾಡಬಹುದಿತ್ತು. ಅವರು ಬೇಕಂತಲೇ ಬಿಸಿ ಕೊಟ್ಟು ಮತ್ತೆ ನೋಡಿದರು. ಅದೇ ಪಫ್‌ಗಳು, ಅದೂ ಕೆಲವೇ ನಿಮಿಷಗಳಲ್ಲಿ. ಕೋಶದ ಶಕ್ತಿ ತಯಾರಿಯನ್ನು ಕೆಡಿಸುವ ಡಿಎನ್‌ಪಿ ಎಂಬ ರಾಸಾಯನಿಕ ಹಾಕಿದರೂ ಅವೇ ಎದ್ದವು. ಅಂದರೆ ಜೀವಕೋಶ ಬರೀ ಬಿಸಿಗೆ ಉತ್ತರ ಕೊಡುತ್ತಿರಲಿಲ್ಲ, ಅದಕ್ಕೆ ಕಷ್ಟವಾಗಿತ್ತು. ಮದ್ಯಸಾರ, ಆರ್ಸೆನಿಕ್, ಕ್ಯಾಡ್ಮಿಯಂ ಇವುಗಳಿಗೂ ಕೋಶ ಇದೇ ಉತ್ತರ ಕೊಡುತ್ತದೆ ಅಂತ ಮುಂದೆ ತಿಳಿಯಿತು. ಇವತ್ತು ಕೋಶದ ಒತ್ತಡ ಅಂತ ಕರೆಯುವ ವಿಷಯದ ಬುಡ ಇಲ್ಲಿದೆ.

ಒಂದು ದೊಡ್ಡ ಜರ್ನಲ್ಲಿನ ಸಂಪಾದಕರು ಈ ಬರಹಕ್ಕೆ ಜೀವಶಾಸ್ತ್ರದ ದೃಷ್ಟಿಯಿಂದ ಮಹತ್ವವಿಲ್ಲ ಅಂತ ವಾಪಸ್ ಕಳಿಸಿದರು. ರಿಟೋಸಾ ಅವರೇ ಮುಂದೆ ಇದನ್ನು ಬರೆದುಕೊಂಡಿದ್ದಾರೆ. ಕೊನೆಗೆ 1962ರಲ್ಲಿ 'ಎಕ್ಸ್‌ಪೀರಿಯೆನ್ಷಿಯಾ' ಎಂಬ ಪತ್ರಿಕೆಯಲ್ಲಿ ಅಚ್ಚಾಯಿತು. ಆಮೇಲೆ ಹನ್ನೆರಡು ವರ್ಷ ದೊಡ್ಡ ಸದ್ದೇನೂ ಆಗಲಿಲ್ಲ. 1974ರಲ್ಲಿ ಆಲ್‌ಫ್ರೆಡ್ ಟಿಸಿಯೇರ್ ಮತ್ತು ಜೊತೆಗಾರರು, ಬಿಸಿ ತಾಗಿದ ನೊಣದ ಕೋಶಗಳು ಹೊಸದಾಗಿ ಕೆಲವು ಪ್ರೋಟೀನ್‌ಗಳನ್ನು ರಾಶಿರಾಶಿ ತಯಾರಿಸುತ್ತವೆ ಅಂತ ತೋರಿಸಿದರು. ಹೀಟ್ ಶಾಕ್ ಪ್ರೋಟೀನ್‌ಗಳು ಅಂತ ಹೆಸರು ಬಂತು. ಚಿಕ್ಕದಾಗಿ ಎಚ್‌ಎಸ್‌ಪಿ. ಎಚ್‌ಎಸ್‌ಪಿ70, ಎಚ್‌ಎಸ್‌ಪಿ90 ಅನ್ನುವಾಗಿನ ಅಂಕಿ ಅದರ ಅಣುತೂಕ, ಕಿಲೋಡಾಲ್ಟನ್ ಲೆಕ್ಕದಲ್ಲಿ. ಆಮೇಲೆ ಹುಡುಕಿದಲ್ಲೆಲ್ಲ ಅವೇ ಸಿಕ್ಕವು. ಬ್ಯಾಕ್ಟೀರಿಯಾದಲ್ಲಿ, ಯೀಸ್ಟ್‌ನಲ್ಲಿ, ಗಿಡಗಳಲ್ಲಿ, ಮನುಷ್ಯರಲ್ಲಿ.

ಈ ಪ್ರೋಟೀನ್‌ಗಳ ಕೆಲಸ ಉಳಿದ ಪ್ರೋಟೀನ್‌ಗಳನ್ನು ನೋಡಿಕೊಳ್ಳುವುದು. ಎಚ್‌ಎಸ್‌ಪಿ70 ಒಂದು ಪ್ರೋಟೀನಿನ ಅಂಟುವ ಭಾಗವನ್ನು ಹಿಡಿದುಕೊಳ್ಳುತ್ತದೆ, ಬೇರೆಯದಕ್ಕೆ ಅಂಟದ ಹಾಗೆ ನೋಡಿಕೊಳ್ಳುತ್ತದೆ, ಶಕ್ತಿ ಖರ್ಚು ಮಾಡಿ ಬಿಡುತ್ತದೆ, ಮತ್ತೆ ಮಡಚಿಕೊಳ್ಳಲು ಅವಕಾಶ ಕೊಡುತ್ತದೆ. ರಿಪೇರಿ ಆಗದಷ್ಟು ಕೆಟ್ಟಿದ್ದರೆ ಅದನ್ನು ಒಡೆದುಹಾಕುವ ಕಡೆಗೆ ಸಾಗಿಸುತ್ತದೆ. ಇಂಥವಕ್ಕೆ ಚಾಪರೋನ್ ಅಂತ ಹೆಸರು. ತಾಪ ಸಾಧಾರಣ ಇದ್ದಾಗಲೂ ಇವು ಇರುತ್ತವೆ, ಆಗ ಕೆಲಸ ಕಡಿಮೆ.

ಜೀವಕೋಶಕ್ಕೆ ಬಿಸಿಯಾಗಿದೆ ಅಂತ ಗೊತ್ತಾಗುವುದು ಹೇಗೆ? ಇಲ್ಲಿರುವ ಜಾಣತನ ನನಗೆ ತುಂಬ ಹಿಡಿಸುತ್ತದೆ. ಎಚ್‌ಎಸ್‌ಎಫ್1 ಅಂತ ಒಂದು ಪ್ರೋಟೀನ್ ಇದೆ. ಎಚ್‌ಎಸ್‌ಪಿ ಜೀನ್‌ಗಳನ್ನು ಎಬ್ಬಿಸುವುದು ಅದರ ಕೆಲಸ. ಮಾಮೂಲಿ ದಿನಗಳಲ್ಲಿ ಚಾಪರೋನ್‌ಗಳೇ ಅದನ್ನು ಹಿಡಿದು ಸುಮ್ನೆ ಕೂರಿಸಿರುತ್ತವೆ. ಬಿಸಿ ಬಂದು ಪ್ರೋಟೀನ್‌ಗಳು ಕೆಡತೊಡಗಿದಾಗ ಚಾಪರೋನ್‌ಗಳಿಗೆ ಕೈತುಂಬ ಕೆಲಸ. ಎಚ್‌ಎಸ್‌ಎಫ್1 ಮೇಲಿನ ಹಿಡಿತ ತಪ್ಪುತ್ತದೆ. ಬಿಡುಗಡೆಯಾದ ಮೂರು ಎಚ್‌ಎಸ್‌ಎಫ್1 ಜೊತೆಗೂಡಿ ಡಿಎನ್‌ಎ ಮೇಲೆ ಕೂತು ಜೀನ್‌ಗಳನ್ನು ಎಬ್ಬಿಸುತ್ತವೆ. ಹೊಸ ಚಾಪರೋನ್‌ಗಳು ಬಂದು, ಕೆಲಸ ಮುಗಿದು, ಕೆಲವು ಖಾಲಿ ಕೂತಾಗ ಮತ್ತೆ ಎಚ್‌ಎಸ್‌ಎಫ್1 ಅನ್ನು ಹಿಡಿಯುತ್ತವೆ. ಅಂದರೆ ಕೋಶ ಇಲ್ಲಿ ಮುಖ್ಯವಾಗಿ ಅಳೆಯುವುದು ಬಿಸಿಯನ್ನಲ್ಲ, ತನ್ನೊಳಗೆ ಎಷ್ಟು ಕೆಟ್ಟಿದೆ ಅನ್ನುವುದನ್ನು.

ನಮ್ಮ ರಾಯಚೂರು, ಬಳ್ಳಾರಿ, ಕೊಪ್ಪಳ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ಬಂದರೆ ಸರ್ಕಾರಿ ಕಚೇರಿಗಳು ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚುತ್ತವಲ್ಲ, ಕೋಶವೂ ಹಾಗೆಯೇ ತನ್ನ ವೇಳಾಪಟ್ಟಿ ಬದಲಿಸುತ್ತದೆ. ಮಾಮೂಲಿ ಪ್ರೋಟೀನ್‌ಗಳ ತಯಾರಿ ಬಹುಪಾಲು ನಿಲ್ಲುತ್ತದೆ, ಎಚ್‌ಎಸ್‌ಪಿಗಳ ತಯಾರಿ ಮಾತ್ರ ಜೋರಾಗುತ್ತದೆ. ಈ ಬದಲಾವಣೆ ಎಷ್ಟು ಬೇಗ ಆಗುತ್ತದೆ ಅಂತ ನೊಣದ ಎಚ್‌ಎಸ್‌ಪಿ70 ಜೀನ್ ನೋಡಿದರೆ ಗೊತ್ತಾಗುತ್ತದೆ. ಜೀನನ್ನು ಓದಿ ಆರ್‌ಎನ್‌ಎ ಎಂಬ ಅದರ ನಕಲು ತಯಾರಿಸುವ ಆರ್‌ಎನ್‌ಎ ಪಾಲಿಮರೇಸ್ ಮೊದಲೇ ಬಂದು, ಇಪ್ಪತ್ತರಿಂದ ನಲವತ್ತು ಅಕ್ಷರ ಓದಿ, ಅಲ್ಲೇ ನಿಂತು ಕಾಯುತ್ತಿರುತ್ತದೆ. ಸೂಚನೆ ಬಂದ ತಕ್ಷಣ ಹೊರಡುತ್ತದೆ. ಇನ್ನೂ ಒಂದು ಸಂಗತಿ ಇದೆ. ನಮ್ಮ ಹೆಚ್ಚಿನ ಜೀನ್‌ಗಳಲ್ಲಿ ನಡುನಡುವೆ ಬೇಡದ ತುಣುಕುಗಳಿರುತ್ತವೆ, ಆರ್‌ಎನ್‌ಎ ತಯಾರಾದ ಮೇಲೆ ಅವನ್ನು ಕತ್ತರಿಸಿ ಉಳಿದದ್ದನ್ನು ಜೋಡಿಸಬೇಕು. ಜೋರು ಬಿಸಿಯಲ್ಲಿ ಈ ಕತ್ತರಿಸಿ ಜೋಡಿಸುವ ಕೆಲಸವೇ ನಿಂತುಹೋಗುತ್ತದೆ. ನೊಣದ ಎಚ್‌ಎಸ್‌ಪಿ70 ಜೀನಿನಲ್ಲಿ ಅಂಥ ತುಣುಕುಗಳೇ ಇಲ್ಲ! ಕತ್ತರಿಸುವವರು ರಜೆಯಲ್ಲಿದ್ದರೂ ಅದರ ಕೆಲಸ ನಡೆಯುತ್ತದೆ.

ಹಾಗಾದರೆ ಆ ಕತ್ತರಿಸುವ ಪ್ರೋಟೀನ್‌ಗಳು ಬಿಸಿಯಲ್ಲಿ ಎಲ್ಲಿಗೆ ಹೋಗುತ್ತವೆ? ಇದಕ್ಕೆ ಉತ್ತರ ಹುಡುಕಿದವರಲ್ಲಿ ಮುಖ್ಯರು ಸುಭಾಷ್ ಚಂದ್ರ ಲಖೋಟಿಯಾ, ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಕೋಶವಿಜ್ಞಾನಿ. ನೊಣಕ್ಕೆ ಬಿಸಿ ಕೊಟ್ಟಾಗ ಏಳುವ ಪಫ್‌ಗಳಲ್ಲಿ ಒಂದು 93ಡಿ ಎಂಬ ಜಾಗದಲ್ಲಿದೆ. 87ಎ, 87ಸಿ ಇವೆಲ್ಲ ಎಚ್‌ಎಸ್‌ಪಿ70ರ ಜಾಗಗಳು. ಆದರೆ 93ಡಿ ಎಲ್ಲಕ್ಕಿಂತ ದೊಡ್ಡದಾಗಿ ಊದುವ ಪಫ್‌ಗಳಲ್ಲಿ ಒಂದು. ಕಲ್ಕತ್ತಾದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ಲಖೋಟಿಯಾ ಮತ್ತು ಅವರ ಗುರು ಎ.ಎಸ್. ಮುಖರ್ಜಿ, ಬೆಂಜಮೈಡ್ ಎಂಬ ರಾಸಾಯನಿಕ ಹಾಕಿದರೆ 93ಡಿ ಒಂದೇ ಊದುತ್ತದೆ ಅಂತ ಕಂಡರು. ಉಳಿದ ಹೀಟ್ ಶಾಕ್ ಪಫ್‌ಗಳು ಏಳಲಿಲ್ಲ. 1970ರಲ್ಲಿ ಇದನ್ನು ಅಚ್ಚು ಹಾಕಿಸಿದ್ದು ನೊಣದ ಸಂಶೋಧಕರು ಪರಸ್ಪರ ಸುದ್ದಿ ಹಂಚಿಕೊಳ್ಳುತ್ತಿದ್ದ ಒಂದು ಸಾದಾ ವಾರ್ತಾಪತ್ರದಲ್ಲಿ. ಗಾತ್ರದಲ್ಲಿ ಸಣ್ಣ ಟಿಪ್ಪಣಿ.

ಅದರ ಬೆನ್ನು ಬಿದ್ದು ಅವರು ದಶಕಗಳ ಕಾಲ ಹೋದರು. ಈ ಜೀನ್ ಯಾವ ಪ್ರೋಟೀನ್ ಕೊಡುತ್ತದೆ ಅಂತ ಎಲ್ಲರೂ ಹುಡುಕಿದರು. ಹೇಳಿಕೊಳ್ಳುವಂಥ ಪ್ರೋಟೀನ್ ಏನೂ ಸಿಗಲಿಲ್ಲ. ಜೀನಿನ ಒಳಗೆ ಸುಮಾರು 280 ಅಕ್ಷರಗಳ ಒಂದು ತುಣುಕು ಸಾಲಾಗಿ ಮತ್ತೆ ಮತ್ತೆ ಬರುತ್ತದೆ, ಅಷ್ಟೇ. ಆಗಿನ ಕಾಲಕ್ಕೆ ಇದು ದೊಡ್ಡ ತೊಡಕು. ಜೀನ್ ಅಂದರೆ ಪ್ರೋಟೀನಿನ ಸೂತ್ರ, ಪ್ರೋಟೀನ್ ಕೊಡದಿದ್ದರೆ ಅದು ಕಸ ಅನ್ನುವ ಭಾವನೆ ಗಟ್ಟಿಯಾಗಿತ್ತು. ಆದರೆ ಆ ಜೀನ್ ಪೂರ್ತಿ ಇಲ್ಲದ ನೊಣಗಳಲ್ಲಿ ಹೆಚ್ಚಿನವು ಬದುಕುವುದಿಲ್ಲ. ಕಸ ತೆಗೆದರೆ ಜೀವ ಹೋಗುವುದು ಹೇಗೆ? ಆರ್‌ಎನ್‌ಎ ತಾನೇ ಕೆಲಸ ಮಾಡುತ್ತಿದೆ ಅನ್ನುವ ಮಾತನ್ನು ಲಖೋಟಿಯಾ ಬಿಡದೆ ಹೇಳುತ್ತಾ ಬಂದರು.

2000ದಲ್ಲಿ ಅವರ ತಂಡ ಅದನ್ನು ಕಣ್ಣಿಗೆ ತೋರಿಸಿತು. ನೊಣದ ಕೋಶಕೇಂದ್ರದಲ್ಲಿ ಈ ಆರ್‌ಎನ್‌ಎ ಸಣ್ಣ ಸಣ್ಣ ಚುಕ್ಕೆಗಳಾಗಿ ಹರಡಿರುತ್ತದೆ. ಅವಕ್ಕೆ ಒಮೆಗಾ ಸ್ಪೆಕಲ್ಸ್ ಅಂತ ಹೆಸರಿಟ್ಟರು. ಆರ್‌ಎನ್‌ಎಯನ್ನು ಕತ್ತರಿಸಿ ಹದಗೊಳಿಸುವ ಕೆಲಸದಲ್ಲಿ ತೊಡಗುವ ಪ್ರೋಟೀನ್‌ಗಳಲ್ಲಿ ಆಗ ಕೆಲಸವಿಲ್ಲದವು ಆ ಚುಕ್ಕೆಗಳಲ್ಲಿ ತಂಗಿರುತ್ತವೆ. ಬೇಕಾದಾಗ ಬೇಕಾದಷ್ಟು ಹೊರಗೆ ಹೋಗುತ್ತವೆ. ಬಿಸಿ ಬಂದಾಗ ಚುಕ್ಕೆಗಳು ಕೂಡಿಕೊಂಡು ದೊಡ್ಡದಾಗುತ್ತವೆ, ಆ ಪ್ರೋಟೀನ್‌ಗಳು 93ಡಿ ಜಾಗಕ್ಕೆ ಬಂದು ಗುಂಪಾಗುತ್ತವೆ. ಕೋಶ ಚೇತರಿಸಿಕೊಂಡ ಮೇಲೆ ಮತ್ತೆ ತಮ್ಮ ತಮ್ಮ ಜಾಗಕ್ಕೆ ಹೋಗುತ್ತವೆ. ಬಿಸಿಯಲ್ಲಿ ಈ ಪ್ರೋಟೀನ್‌ಗಳನ್ನು ಕಾದಿಡಲು ಇರುವ ಆರ್‌ಎನ್‌ಎ ಇದು. ಮನುಷ್ಯರ ಕೋಶಗಳಲ್ಲೂ ಬಿಸಿ ತಾಗಿದಾಗ ಸ್ಯಾಟಲೈಟ್ 3 ಎಂಬ, ಪ್ರೋಟೀನ್ ಕೊಡದ ಆರ್‌ಎನ್‌ಎ ತಯಾರಾಗಿ ಹೆಚ್ಚುಕಡಿಮೆ ಇಂಥದ್ದೇ ಕೆಲಸ ಮಾಡುತ್ತದೆ. ಎರಡರ ಅಕ್ಷರಗಳಿಗೆ ಸಂಬಂಧವೇ ಇಲ್ಲ, ಮಾಡುವ ಕೆಲಸ ಮಾತ್ರ ಒಂದೇ.

ಮಾನವ ಜೀನೋಮ್ ಓದಿದ ಮೇಲೆ, ಪ್ರೋಟೀನ್‌ಗೆ ಸೂತ್ರವಾಗುವ ಡಿಎನ್‌ಎ ಶೇ. 2ಕ್ಕಿಂತ ಕಡಿಮೆ ಅಂತ ಗೊತ್ತಾಯಿತು. ಆಮೇಲೆ ಪ್ರೋಟೀನ್ ಕೊಡದ ಉದ್ದನೆಯ ಆರ್‌ಎನ್‌ಎಗಳ ಹುಡುಕಾಟ ಜಗತ್ತಿನಾದ್ಯಂತ ಹಬ್ಬದಂತೆ ನಡೆಯಿತು. 93ಡಿ ಆ ಹಬ್ಬಕ್ಕೆ ಬಹಳ ಮುಂಚೆಯೇ ಇತ್ತು. ಈ ಆರ್‌ಎನ್‌ಎಯ ಪ್ರಮಾಣ ತಗ್ಗಿಸಿದರೆ, ಹಂಟಿಂಗ್ಟನ್‌ನಂಥ ನರರೋಗಗಳ ನೊಣ ಮಾದರಿಗಳಲ್ಲಿ ಪ್ರೋಟೀನ್ ಮುದ್ದೆಗಳ ಹಾನಿ ಕಡಿಮೆಯಾಗುತ್ತದೆ ಅಂತಲೂ ಬನಾರಸಿನ ತಂಡ ತೋರಿಸಿದೆ.

ಒಂದು ಸಂಶೋಧನೆಯ ಪ್ರಭಾವವನ್ನು ಹೇಗೆ ಅಳೆಯುವುದು ಅನ್ನುವ ಪ್ರಶ್ನೆ ಇಲ್ಲಿ ಏಳುತ್ತದೆ. ಈಗಿನ ರೂಢಿ ಜರ್ನಲ್ಲಿನ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡುವುದು, ಅಂದರೆ ಅದರಲ್ಲಿನ ಬರಹಗಳನ್ನು ಉಳಿದವರು ಸರಾಸರಿ ಎಷ್ಟು ಸಲ ಉಲ್ಲೇಖಿಸುತ್ತಾರೆ ಅನ್ನುವ ಅಂಕಿ. ಆ ಲೆಕ್ಕದಲ್ಲಿ 1970ರ ವಾರ್ತಾಪತ್ರದ ಟಿಪ್ಪಣಿಗೆ ಸೊನ್ನೆ. ರಿಟೋಸಾ ಅವರ ಬರಹವೂ ದೊಡ್ಡ ಬಾಗಿಲಿನಿಂದ ಒಳಗೆ ಬಂದದ್ದಲ್ಲ, ಆದರೂ ಒಂದು ಇಡೀ ಕ್ಷೇತ್ರ ಅದರ ಮೇಲೆ ನಿಂತಿದೆ. ಲಖೋಟಿಯಾ ಈ ವಿಷಯದಲ್ಲೂ ಸುಮ್ಮನಿರಲಿಲ್ಲ. 2018ರಲ್ಲಿ ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಸಂಶೋಧನೆಯ ಮೌಲ್ಯಮಾಪನದ ಬಗ್ಗೆ ಹೊರತಂದ ನೀತಿ ಹೇಳಿಕೆಯನ್ನು ಬರೆದ ಇಬ್ಬರಲ್ಲಿ ಅವರೂ ಒಬ್ಬರು. ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ನಕಲಿ ಜರ್ನಲ್‌ಗಳ ವಿರುದ್ಧವೂ ಬರೆದಿದ್ದಾರೆ. ಪಿಎಚ್‌ಡಿ ಮುಗಿಸಬೇಕು ಅಂತ ಅಂಥ ಜರ್ನಲ್‌ಗಳಿಗೆ ಸಾವಿರಾರು ರೂಪಾಯಿ ಕಟ್ಟುವ ನಮ್ಮ ಹುಡುಗರು ಇದನ್ನು ಓದಬೇಕು.

ನೊಣದಿಂದ ಶುರುವಾದದ್ದನ್ನು ಬೇರೆ ದಿಕ್ಕಿಗೆ ಒಯ್ದವರು ಅಮೆರಿಕದ ಸೂಸನ್ ಲಿಂಡ್‌ಕ್ವಿಸ್ಟ್. 2016ರಲ್ಲಿ ತೀರಿಕೊಂಡರು. ಯೀಸ್ಟ್‌ನಲ್ಲಿ ಎಚ್‌ಎಸ್‌ಪಿ104 ಎಂಬ ಪ್ರೋಟೀನ್, ಆಗಲೇ ಮುದ್ದೆಗಟ್ಟಿದ ಪ್ರೋಟೀನ್‌ಗಳನ್ನೂ ಬಿಡಿಸಬಲ್ಲದು ಅಂತ 1994ರಲ್ಲಿ ಅವರ ತಂಡ ತೋರಿಸಿತು. ಒಮ್ಮೆ ಮುದ್ದೆಯಾದರೆ ಮುಗಿಯಿತು ಅಂತ ನಂಬಿದ್ದ ಕಾಲವದು. ಎಚ್‌ಎಸ್‌ಎಫ್1 ಇಲ್ಲದ ಇಲಿಗಳಲ್ಲಿ ಕ್ಯಾನ್ಸರ್ ಗಡ್ಡೆ ಏಳುವುದು ಕಡಿಮೆ ಅಂತ 2007ರಲ್ಲಿ ಅವರದೇ ಗುಂಪು ಕಂಡಿತು. ಕ್ಯಾನ್ಸರ್ ಕೋಶವೂ ಸದಾ ಒತ್ತಡದಲ್ಲಿ ಇರುತ್ತದೆ, ಅದೂ ಇದೇ ರಕ್ಷಣೆಯನ್ನು ಬಳಸಿಕೊಳ್ಳುತ್ತದೆ. ಹಾಗಾಗಿ ಎಚ್‌ಎಸ್‌ಪಿ90 ತಡೆಯುವ ಔಷಧಗಳ ಪ್ರಯತ್ನ ವರ್ಷಗಳಿಂದ ನಡೆದಿದೆ. ಜಪಾನ್ 2022ರಲ್ಲಿ ಅಂಥ ಒಂದು ಔಷಧಕ್ಕೆ ಒಪ್ಪಿಗೆ ಕೊಟ್ಟಿತು, ಹೊಟ್ಟೆ ಕರುಳಿನ ಒಂದು ಬಗೆಯ ಗಡ್ಡೆಗೆ. ಕೋಶದೊಳಗಿನ ಇನ್ನೊಂದು ಭಾಗದಲ್ಲಿ ನಡೆಯುವ ಇಂಥದ್ದೇ ಒತ್ತಡದ ಉತ್ತರವನ್ನು ಬಿಡಿಸಿದ ಕಜುಟೋಶಿ ಮೋರಿ ಮತ್ತು ಪೀಟರ್ ವಾಲ್ಟರ್ ಅವರಿಗೆ 2014ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು. ಅದೇ ಒಂದು ದೊಡ್ಡ ಕಥೆ, ಇಲ್ಲಿ ಬೇಡ.

ಈಗ ರೂಢಿಯ ಮಾತಿಗೆ ಬರೋಣ. ಕೋಶಕ್ಕೆ ಮೊದಲು ಹಗುರವಾದ ಬಿಸಿ ತಾಗಿಸಿ, ಚೇತರಿಸಿಕೊಳ್ಳಲು ಬಿಟ್ಟು, ಆಮೇಲೆ ಕೊಲ್ಲುವಷ್ಟು ಬಿಸಿ ಕೊಟ್ಟರೆ ಅದು ಬದುಕುತ್ತದೆ. ನೇರವಾಗಿ ಕೊಟ್ಟರೆ ಸಾಯುತ್ತದೆ. ಮೊದಲ ಸುತ್ತಿನಲ್ಲಿ ತಯಾರಾದ ಎಚ್‌ಎಸ್‌ಪಿಗಳು ಎರಡನೇ ಸುತ್ತಿಗೆ ಸಿದ್ಧವಾಗಿರುತ್ತವೆ. ಸಹಾರಾ ಮರುಭೂಮಿಯ ಕ್ಯಾಟಗ್ಲೈಫಿಸ್ ಇರುವೆಗಳು ಇದರಲ್ಲಿ ಒಂದು ಹೆಜ್ಜೆ ಮುಂದೆ. ಅವು ಮೈ ಬಿಸಿ 50 ಡಿಗ್ರಿ ದಾಟಿದರೂ ಓಡಾಡಿ ಆಹಾರ ಹುಡುಕುತ್ತವೆ. ಗೂಡಿನಿಂದ ಹೊರಗೆ ಕಾಲಿಡುವ ಮೊದಲೇ, ಇನ್ನೂ ತಂಪಿನಲ್ಲಿದ್ದಾಗಲೇ ಎಚ್‌ಎಸ್‌ಪಿಗಳನ್ನು ತಯಾರಿಟ್ಟುಕೊಳ್ಳುತ್ತವೆ ಅಂತ 1995ರಲ್ಲಿ ತಿಳಿಯಿತು. ಬಿಸಿಲಿಗೆ ಬಿದ್ದ ಮೇಲೆ ತಯಾರಿಸಲು ಅವಕ್ಕೆ ಸಮಯ ಇರುವುದಿಲ್ಲ.

ಬಿಸಿಲಲ್ಲಿ ದಿನಾ ದುಡಿಯುವವರ ಮೈಯೂ ಒಂದೆರಡು ವಾರದಲ್ಲಿ ಹೊಂದಿಕೊಳ್ಳುತ್ತದೆ. ಬೇಗ ಬೆವರುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆ ಹೋಗುತ್ತದೆ, ಕೋಶಗಳಲ್ಲಿ ಎಚ್‌ಎಸ್‌ಪಿ ಮಟ್ಟ ಏರಿರುತ್ತದೆ. ಇಷ್ಟರ ಮಟ್ಟಿಗೆ ತೀನ್ ಕಂದೀಲ್‌ನ ಮಾತು ನಿಜ. ಆದರೆ ಕೋಶದ ಈ ಸಿದ್ಧತೆ ಕೆಲವು ದಿನಗಳಲ್ಲಿ ಕರಗುತ್ತದೆ. ಇಡೀ ವರ್ಷ ತಂಪಿನ ರೂಮಿನಲ್ಲಿ ಕೂತು ಮೇ ತಿಂಗಳಲ್ಲಿ ಮೊದಲ ಬಾರಿ ಹೊಲಕ್ಕೆ ಹೋದವನಿಗೆ ರಾಯಚೂರಿನಲ್ಲಿ ಹುಟ್ಟಿದ್ದು ನೆರವಿಗೆ ಬರುವುದಿಲ್ಲ. ವಯಸ್ಸಾದಂತೆ ಈ ಉತ್ತರವೇ ಮಂದವಾಗುತ್ತದೆ, ಹಾಗಾಗಿ ಅಜ್ಜಿ ತಾತನ "ನಾವೇನು ನೋಡಿಲ್ಲದ ಬಿಸಿಲಾ" ಅನ್ನುವ ಮಾತನ್ನು ನಂಬುವ ಹಾಗಿಲ್ಲ. ಇನ್ನು, ಎಷ್ಟೇ ರೂಢಿಯಿದ್ದರೂ ಮೈಯ ಒಳಗಿನ ಬಿಸಿ 40 ಡಿಗ್ರಿ ದಾಟಿ, ಮಾತು ತೊದಲಿ, ಎಚ್ಚರ ತಪ್ಪುವ ಹಾಗಾದರೆ ಅದು ಬಿಸಿಲು ಬಡಿದ ಲಕ್ಷಣ. ಆಗ ಚಾಪರೋನ್‌ಗಳಿಂದ ಸಾಧ್ಯವಿಲ್ಲ. ನೆರಳಿಗೆ ಒಯ್ದು, ಮೈಗೆ ನೀರು ಸುರಿದು ಗಾಳಿ ಬೀಸುತ್ತಾ 108ಕ್ಕೆ ಫೋನ್ ಮಾಡಬೇಕು. ಎಚ್ಚರ ಇಲ್ಲದವರ ಬಾಯಿಗೆ ಮಜ್ಜಿಗೆ, ನೀರು ಏನೂ ಹಾಕಬಾರದು.

ಮನುಷ್ಯನಿಗೆ ನೆರಳಿಗೆ ಓಡುವ ಅವಕಾಶವಾದರೂ ಇದೆ, ಭತ್ತಕ್ಕೆ ಇಲ್ಲ. ಸಿಂಧನೂರು, ಮಾನ್ವಿ, ಗಂಗಾವತಿ ಕಡೆ ತುಂಗಭದ್ರಾ ನೀರಿನಲ್ಲಿ ಬೇಸಿಗೆ ಬೆಳೆ ಇಟ್ಟವರಿಗೆ ಗೊತ್ತು, ಹೂ ಬಿಡುವ ಹೊತ್ತಿಗೆ ಬಿಸಿಲು ಏರಿದರೆ ತೆನೆ ಜೊಳ್ಳಾಗುತ್ತದೆ. ಭತ್ತದ ಹೂವು ಅರಳಿರುವುದು ಒಂದೆರಡು ಗಂಟೆ ಮಾತ್ರ. ಆ ಹೊತ್ತಿನಲ್ಲಿ 35 ಡಿಗ್ರಿ ದಾಟಿದರೆ ಪರಾಗ ಸರಿಯಾಗಿ ಉದುರುವುದಿಲ್ಲ, ಮೊಳೆಯುವುದಿಲ್ಲ. ಭತ್ತದ ಎಲೆಯ ಕೋಶಗಳು ಬಿಸಿಗೆ ಜೋರಾಗಿ ಉತ್ತರ ಕೊಡುತ್ತವೆ. ಗಿಡಗಳಲ್ಲಿ ಎಚ್‌ಎಸ್‌ಪಿ101 ಇದೆ, ಯೀಸ್ಟಿನ 104ರ ಬಂಧು. ನಮ್ಮ ಕೋಶದ್ರವದಲ್ಲಿ ಅಂಥದ್ದು ಇಲ್ಲ. ಆದರೆ ಹಲವು ಬೆಳೆಗಳ ಪರಾಗದಲ್ಲಿ ಈ ಉತ್ತರ ತೀರಾ ದುರ್ಬಲ ಅಂತ ಕಂಡಿದೆ. ಗಿಡ ಹಸಿರಾಗಿ ನಿಂತಿದ್ದರೂ ಕಾಳು ಕಟ್ಟದಿರುವುದಕ್ಕೆ ಇದೂ ಒಂದು ಕಾರಣ.

ದೆಹಲಿ ವಿಶ್ವವಿದ್ಯಾಲಯದ ಅನಿಲ್ ಗ್ರೋವರ್ ಅವರ ತಂಡ 2003ರಲ್ಲಿ ಬಾಸ್ಮತಿ ಭತ್ತಕ್ಕೆ ಬೇರೆ ಗಿಡದ ಎಚ್‌ಎಸ್‌ಪಿ101 ಜೀನ್ ಸೇರಿಸಿ, ಅದು ಬಿಸಿಯಿಂದ ಚೆನ್ನಾಗಿ ಚೇತರಿಸಿಕೊಳ್ಳುತ್ತದೆ ಅಂತ ತೋರಿಸಿತು. ಹೊಲಕ್ಕೆ ಬರುವ ದಾರಿ ದೂರ, ಕುಲಾಂತರಿ ಭತ್ತವನ್ನು ಬೆಳೆಯಲು ಇಲ್ಲಿ ಒಪ್ಪಿಗೆಯೂ ಇಲ್ಲ. ನನಗೆ ಇನ್ನೊಂದು ದಾರಿ ಹೆಚ್ಚು ಹತ್ತಿರದ್ದು ಅನ್ನಿಸುತ್ತದೆ. ನಮ್ಮ ದೇಶದ ಹಳೆಯ ತಳಿ ನಗೀನಾ 22 ಹೂವಿನ ಹೊತ್ತಿನ ಬಿಸಿಯನ್ನು ಬಹಳ ಚೆನ್ನಾಗಿ ತಡೆಯುತ್ತದೆ, ತಳಿ ಸುಧಾರಕರು ಅದನ್ನು ಬಳಸುತ್ತಿದ್ದಾರೆ. ಇನ್ನು ಒಂದು ಕಾಡು ಭತ್ತದಿಂದ ಪಡೆದ ಗುಣವನ್ನು ಐಆರ್64 ತಳಿಗೆ ಕೂಡಿಸಿದಾಗ ಅದರ ಹೂವು ಒಂದೂವರೆ, ಎರಡು ಗಂಟೆ ಮುಂಚೆಯೇ ಅರಳಿತು. ಬಿಸಿಲು ಏರುವಷ್ಟರಲ್ಲಿ ಪರಾಗಸ್ಪರ್ಶ ಮುಗಿದಿರುತ್ತದೆ. ಇದಕ್ಕೆ ಹೊಸ ಜೀನ್ ತುರುಕಬೇಕಿಲ್ಲ, ಮಾಮೂಲಿ ತಳಿ ಸಂಕರಣವೇ ಸಾಕು. ಸೋನಾ ಮಸೂರಿ ಬೆಳೆಯುವವರು ಕೃಷಿ ಮೇಳಕ್ಕೆ ಹೋದಾಗ ಇಂಥ ತಳಿಯ ಬಗ್ಗೆ ಕೇಳಿ ನೋಡಬಹುದು.